ಮ್ಯಾಟ್ ಮೇಲಿನದು ಮಗಳದು, ಇಳಿದ ಮೇಲಿನದು ನಮ್ಮದು

ನಮ್ಮ ಓಣಿಯಲ್ಲಿ ಯಾರ ಮಗಳಾದರೂ ಆಟಕ್ಕೆ ಸೇರುತ್ತೇನೆ ಎಂದು ಹಟ ಹಿಡಿದರೆ ಅವರ ತಾಯಿ ಒಂದು ಸಂಜೆ ನನ್ನ ಹೊಲಿಗೆ ಮಷಿನ್ ಹತ್ತಿರ ಬಂದು ಕೂರುತ್ತಾರೆ. "ಹೆಂಗ ಬಿಟ್ರಿ ಅಕ್ಕಾರ, ಅದೂ ಕುಸ್ತಿಗೆ?" ನನ್ನ ಮಗಳು ಆರನೇ ಕ್ಲಾಸಿನಿಂದ ಕುಸ್ತಿ ಆಡುತ್ತಿದ್ದಾಳೆ, ಈಗ ಎಸ್ಸೆಸ್ಸೆಲ್ಸಿ. ನಾನು ಮನೆಯಲ್ಲಿ ಬಟ್ಟೆ ಹೊಲಿಯುತ್ತೇನೆ, ನಮ್ಮ ಮನೆಯವರದು ಬೆಟಗೇರಿಯಲ್ಲಿ ಮಗ್ಗದ ಕೆಲಸ. ಇಬ್ಬರಿಗೂ ಕುಸ್ತಿಯ ಒಂದು ಪಟ್ಟೂ ಗೊತ್ತಿಲ್ಲ. ಗೊತ್ತಿಲ್ಲದ್ದೇ ಒಳ್ಳೆಯದಾಯಿತು ಅನ್ನಿಸುತ್ತದೆ. ಮ್ಯಾಟ್ ಮೇಲೆ ನಡೆಯುವುದು ಅವಳದು ಮತ್ತು ಕೋಚ್ ಸರ್‌ದು, ಮ್ಯಾಟ್ ಇಳಿದು ಮನೆಗೆ ಬಂದ ಮೇಲಿನದು ನಮ್ಮದು ಎಂದು ಶುರುವಿನಲ್ಲೇ ಪಾಲು ಮಾಡಿಕೊಂಡೆವು. ನಮ್ಮ ಪಾಲೇ ಸಣ್ಣದು ಅಂದುಕೊಳ್ಳಬೇಡಿ.

ಗದಗ ಸೀಮೆಗೆ ಕುಸ್ತಿ ಹೊಸದಲ್ಲ. ಜಾತ್ರೆ ಅಂದರೆ ಮಣ್ಣಿನ ಕಣ, ಹಲಗಿ, ಪೈಲ್ವಾನರು ಇದ್ದೇ ಇರಬೇಕು. ಆದರೆ ಗರಡಿ ಮನೆಯ ಹೊಸ್ತಿಲು ಹೆಣ್ಣುಮಕ್ಕಳಿಗೆ ಅಲ್ಲ ಅನ್ನುತ್ತಿದ್ದ ಕಾಲ ನಾನೇ ನೋಡಿದ್ದೇನೆ. 2004ರಲ್ಲಿ ಮಹಿಳಾ ಕುಸ್ತಿ ಒಲಿಂಪಿಕ್ಸ್ ಸೇರಿತು, 2016ರಲ್ಲಿ ಸಾಕ್ಷಿ ಮಲಿಕ್ ಕಂಚು ತಂದರು, ಆಮೇಲೆ ನೋಡಿ ನಮ್ಮ ಕಡೆಯೂ ಮ್ಯಾಟ್ ಮೇಲೆ ಹುಡುಗಿಯರು ಜಾಸ್ತಿಯಾದರು. ಆದರೂ ನಮ್ಮ ಅತ್ತೆಗೆ ಸಮಾಧಾನ ಇರಲಿಲ್ಲ. "ನಾಳೆ ಕಿವಿ ಮುರಕೊಂಡು ಬಂದ್ರ ಯಾರ ಮಾಡ್ಕೋತಾರ ಇಕೀನ?" ಅನ್ನುತ್ತಿದ್ದರು. ನಾನು ವಾದಕ್ಕೆ ಇಳಿಯಲಿಲ್ಲ. ಒಂದು ದಿನ ಅವರನ್ನೇ ಪ್ರಾಕ್ಟೀಸ್ ನೋಡಲು ಕರೆದುಕೊಂಡು ಹೋದೆ. ಮೊಮ್ಮಗಳು ತನಗಿಂತ ದಪ್ಪ ಹುಡುಗಿಯನ್ನು ಎತ್ತಿ ಚಿತ್ ಮಾಡಿದ್ದು ನೋಡಿ ಬಂದ ಮೇಲೆ ಆ ಪ್ರಶ್ನೆ ನಿಂತಿತು. ಈಗ ಬೆಳಿಗ್ಗೆ ಅವಳಿಗಿಂತ ಮೊದಲು ಏಳುವವರು ಅವರೇ.

ಕಾಸ್ಟ್ಯೂಮ್ ಬಗ್ಗೆ ನೆಂಟರು ಬಹಳ ಮಾತಾಡುತ್ತಾರೆ. ಮೈಗೆ ಅಂಟಿದ ಬಟ್ಟೆ, ಹಂಗ, ಹಿಂಗ ಅಂತ. ಸಡಿಲ ಇದ್ದರೆ ಎದುರಾಳಿಯ ಬೆರಳು ಸಿಕ್ಕಿ ಮುರಿಯುತ್ತದೆ, ಅದಕ್ಕೇ ಹಾಗಿರುತ್ತದೆ ಎಂದು ಹೇಳಿ ಮುಗಿಸುತ್ತೇನೆ. ಆದರೆ ಮಗಳಿಗೇ ಮುಜುಗರ ಆಗುತ್ತಿದ್ದರೆ ಅದು ಬೇರೆ ವಿಷಯ, ಅದನ್ನು ತಳ್ಳಿಹಾಕಬಾರದು. ಅಂಗಡಿಯ ಕಾಸ್ಟ್ಯೂಮ್ ಕಂಕುಳ ಹತ್ತಿರ ಅವಳಿಗೆ ಅಗಲ ಬರುತ್ತಿತ್ತು, ನಾನು ಎರಡೂ ಕಡೆ ಹಿಡಿದು ಹೊಲಿದೆ. ಕೆಂಪು, ನೀಲಿ ಎರಡಕ್ಕೂ. ಒಳಗೆ ಹಾಕಲು ಒಳ್ಳೆಯ ಸ್ಪೋರ್ಟ್ಸ್ ಬ್ರಾ ಬೇಕೇ ಬೇಕು, ಅದರಲ್ಲಿ ದುಡ್ಡು ಉಳಿಸಲು ಹೋಗಬೇಡಿ. ಎಷ್ಟೋ ಹುಡುಗಿಯರು ಏಳು, ಎಂಟನೇ ಕ್ಲಾಸಿನಲ್ಲಿ ಆಟ ಬಿಡುವುದು ಆಟ ಬೇಡವಾಗಿ ಅಲ್ಲ, ಇಂಥದ್ದನ್ನು ಮನೆಯಲ್ಲಿ ಬಾಯಿಬಿಟ್ಟು ಕೇಳಲಾಗದೆ. ಗ್ರೌಂಡಿನಲ್ಲಿ ಹೆಣ್ಣುಮಕ್ಕಳಿಗೆ ಬಾಗಿಲು ಗಟ್ಟಿ ಇರುವ ಶೌಚಾಲಯ ಇದೆಯೋ ಇಲ್ಲವೋ ಅನ್ನುವುದನ್ನೂ ಸೇರಿಸುವ ಮೊದಲೇ ಹೋಗಿ ನೋಡಿಬನ್ನಿ.

ಇನ್ನು ತೂಕ. ಕುಸ್ತಿಯಲ್ಲಿ ಹುಡುಗಿಯರನ್ನು ಹಾಳು ಮಾಡುವುದು ಇದೇ. 17 ವರ್ಷದೊಳಗಿನ ಹುಡುಗಿಯರಿಗೆ 43, 46, 49, 53, 57 ಹೀಗೆ ತೂಕದ ವರ್ಗಗಳಿವೆ. ಹುಡುಗಿ 50 ಕಿಲೋ ಇದ್ದರೆ ಸುತ್ತಲಿನವರೆಲ್ಲ "ಒಂದ್ ಕಿಲೋ ಇಳಿಸ್ರೀ, 49ರಾಗ ಆಡ್ಲಿ" ಅನ್ನುತ್ತಾರೆ. ಇಳಿಸುವುದು ಹೇಗೆ? ನೀರು ಬಿಡಿಸುವುದು, ಸ್ವೆಟರ್ ಮೇಲೆ ಸ್ವೆಟರ್ ಹಾಕಿ ಓಡಿಸುವುದು, ರಾತ್ರಿ ಊಟ ಇಲ್ಲ. ಹದಿಮೂರು, ಹದಿನಾಲ್ಕರ ಹುಡುಗಿಗೆ ತೂಕ ಏರುವುದು ಬೆಳವಣಿಗೆ, ಅದು ರೋಗವೇನಲ್ಲ. ನಾವು ಕೋಚ್ ಹತ್ತಿರ ಹೋಗಿ ನೇರವಾಗಿ ಹೇಳಿದೆವು: "ಸರ್, ತೂಕ ಏರಿದ್ರ ಮ್ಯಾಲಿನ ವರ್ಗದಾಗ ಆಡಸ್ರಿ. ಸೋತ್ರೂ ಪರವಾಗಿಲ್ಲ." ಅವರು ಒಪ್ಪಿದರು, ಅದು ನಮ್ಮ ಪುಣ್ಯ. ಒಪ್ಪದ ಕೋಚ್ ಸಿಕ್ಕಿದ್ದರೆ ಕೋಚ್‌ನನ್ನೇ ಬದಲಿಸುತ್ತಿದ್ದೆವು. 2024ರ ಪ್ಯಾರಿಸ್ ಒಲಿಂಪಿಕ್ಸ್ ಫೈನಲ್ ದಿನ ವಿನೇಶ್ ಫೋಗಟ್ 50 ಕಿಲೋ ವರ್ಗದಲ್ಲಿ ಬರೀ 100 ಗ್ರಾಂ ಜಾಸ್ತಿ ಬಂದು ಹೊರಗಾದರಲ್ಲ, ರಾತ್ರಿಯಿಡೀ ಬೆವರು ಹರಿಸಿದರೂ ಇಳಿಯಲಿಲ್ಲ. ಅಷ್ಟೆಲ್ಲ ಡಾಕ್ಟರು, ತಜ್ಞರು ಜೊತೆಗಿದ್ದವರಿಗೇ ಹಾಗಾದರೆ ನಮ್ಮ ಸ್ಕೂಲ್ ಮಕ್ಕಳ ಗತಿ ಏನು? ನಮ್ಮ ಮನೆಯಲ್ಲಿ ತೂಕದ ಮಷಿನ್ ಇಲ್ಲ. ಬೇಕಂತಲೇ ತಂದಿಲ್ಲ. ಪ್ರಾಕ್ಟೀಸ್ ಜಾಗದಲ್ಲಿ ನೋಡುತ್ತಾರೆ, ಅಷ್ಟು ಸಾಕು. "ದಪ್ಪ ಆದಿ", "ಸೊರಗಿದಿ" ಅನ್ನುವ ಮಾತು ತಮಾಷೆಗೂ ಮನೆಯಲ್ಲಿ ಆಡುವಂತಿಲ್ಲ, ಬಂದ ನೆಂಟರಿಗೂ ಇದೇ ಕಾನೂನು.

ಊಟಕ್ಕೆ ವಿಶೇಷ ಏನೂ ಇಲ್ಲ. ಖುರಾಕ್ ಅಂತ ಬಾದಾಮಿ, ತುಪ್ಪಕ್ಕೆ ಸಾಲ ಮಾಡುವವರನ್ನು ಕಂಡಿದ್ದೇನೆ, ನಮಗೆ ಅದು ಆಗುವುದಿಲ್ಲ. ಜೋಳದ ರೊಟ್ಟಿ, ಹೆಸರುಕಾಳು, ಮಡಿಕೆಕಾಳು ಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು, ದಿನಾ ಮೊಟ್ಟೆ. ಚಳಿಗಾಲದಲ್ಲಿ ಸಜ್ಜೆ ರೊಟ್ಟಿ. ಪ್ರಾಕ್ಟೀಸ್ ಮುಗಿದ ಕೂಡಲೇ ತಿನ್ನಲು ಬಾಳೆಹಣ್ಣು, ಶೇಂಗಾ ಉಂಡಿ ಡಬ್ಬಿಯಲ್ಲಿ ಇರುತ್ತದೆ, ಮನೆಗೆ ಬರುವತನಕ ಕಾಯಬಾರದು. ಒಮ್ಮೆ ಬಹಳ ಸುಸ್ತು ಅನ್ನುತ್ತಿದ್ದಾಗ ರಕ್ತ ಪರೀಕ್ಷೆ ಮಾಡಿಸಿದೆವು, ಹಿಮೋಗ್ಲೋಬಿನ್ ಕಡಿಮೆ ಇತ್ತು. ಡಾಕ್ಟರು ಕಬ್ಬಿಣದ ಗುಳಿಗೆ ಕೊಟ್ಟರು, ಊಟದ ಜೊತೆ ಚಹಾ ಕುಡಿಯಬೇಡ, ಲಿಂಬಿಹಣ್ಣು ಹಿಂಡಿಕೊ ಅಂದರು. ಚಹಾ ಕಬ್ಬಿಣ ಮೈಗೆ ಹತ್ತದಂತೆ ಮಾಡುತ್ತದಂತೆ. ಚಹಾ ಬಿಡಿಸುವುದು ಕುಸ್ತಿ ಕಲಿಸುವುದಕ್ಕಿಂತ ಕಷ್ಟ ಆಯಿತು ನೋಡಿ.

ಮುಟ್ಟಿನ ದಿನ ಕ್ಯಾಲೆಂಡರಿನಲ್ಲಿ ಬರೆದಿಡುತ್ತಾಳೆ, ಅಡುಗೆಮನೆ ಗೋಡೆಯ ಕ್ಯಾಲೆಂಡರಿನಲ್ಲೇ. ಅವಳಪ್ಪನೂ ನೋಡುತ್ತಾರೆ, ಅದರಲ್ಲಿ ಮುಚ್ಚಿಡುವಂಥದ್ದು ಏನಿದೆ? ಆ ದಿನ ಆಡಬೇಕೋ ಬೇಡವೋ ಅವಳೇ ಹೇಳುತ್ತಾಳೆ. ನಾವು ಕಣ್ಣಿಡುವುದು ಒಂದೇ. ಜಾಸ್ತಿ ಪ್ರಾಕ್ಟೀಸ್, ಕಡಿಮೆ ಊಟ ಆದಾಗ ಕೆಲವು ಹುಡುಗಿಯರಿಗೆ ತಿಂಗಳುಗಟ್ಟಲೆ ಮುಟ್ಟು ನಿಂತುಬಿಡುತ್ತದೆ. "ಆಟ ಆಡೂರಿಗೆ ಹಂಗ ಆಗ್ತದ" ಎಂದು ಬಿಟ್ಟುಬಿಡಬೇಡಿ. ಮೈಗೆ ಊಟ ಸಾಲುತ್ತಿಲ್ಲ ಅನ್ನುವುದರ ಗುರುತು ಅದು, ಮೂಳೆಗೂ ಪೆಟ್ಟು, ಡಾಕ್ಟರಿಗೆ ತೋರಿಸಲೇಬೇಕು.

ಚರ್ಮದ ವಿಷಯ ಕುಸ್ತಿ ಮನೆಗಳಿಗೆಲ್ಲ ಗೊತ್ತು. ಹುಳಕಡ್ಡಿ ಒಬ್ಬರಿಗೆ ಬಂದರೆ ಮ್ಯಾಟಿನಿಂದ ಎಲ್ಲರಿಗೂ. ಪ್ರಾಕ್ಟೀಸ್ ಆದ ತಕ್ಷಣ ಸೋಪು ಹಚ್ಚಿ ಸ್ನಾನ, ಬಟ್ಟೆ ಅದೇ ದಿನ ಒಗೆಯುವುದು, ಟವೆಲ್ ಯಾರಿಗೂ ಕೊಡುವಂತಿಲ್ಲ. ಮೆಡಿಕಲ್ ಅಂಗಡಿಯಲ್ಲಿ ಕೇಳಿ ತರುವ ಕೆಲವು ಮುಲಾಮಿನಲ್ಲಿ ಸ್ಟೀರಾಯ್ಡ್ ಇರುತ್ತದೆ, ಎರಡು ದಿನ ಕಡಿಮೆಯಾದಂತೆ ಕಂಡು ಆಮೇಲೆ ಮೈತುಂಬ ಹಬ್ಬುತ್ತದೆ. ಕಿವಿ ಊದಿಕೊಂಡರೆ ಮರುದಿನವೇ ಡಾಕ್ಟರ ಹತ್ತಿರ ಹೋಗಿ ಒಳಗಿನ ರಕ್ತ ತೆಗೆಸಬೇಕು, ಬಿಟ್ಟರೆ ಗಟ್ಟಿಯಾಗಿ ಹಾಗೇ ಉಳಿಯುತ್ತದೆ.

2023ರಲ್ಲಿ ದಿಲ್ಲಿಯ ಜಂತರ್ ಮಂತರ್‌ನಲ್ಲಿ ದೇಶಕ್ಕೆ ಪದಕ ತಂದ ಹೆಣ್ಣುಮಕ್ಕಳೇ ಲೈಂಗಿಕ ಕಿರುಕುಳದ ದೂರು ಹೇಳಿ ಧರಣಿ ಕೂತಾಗ ನಮ್ಮ ಮನೆಗೆ ಫೋನ್ ಮೇಲೆ ಫೋನ್. "ಬಿಡಿಸಿಬಿಡ್ರಿ." ನಾವು ಬಿಡಿಸಲಿಲ್ಲ. ಟಿವಿ ಆರಿಸಲೂ ಇಲ್ಲ, ಅವಳ ಜೊತೆ ಕೂತೇ ನೋಡಿದೆವು. ಯಾರು ಎಲ್ಲಿ ಮುಟ್ಟಿದರೆ ಪಟ್ಟು, ಎಲ್ಲಿ ಮುಟ್ಟಿದರೆ ತಪ್ಪು ಅನ್ನುವುದು ಕುಸ್ತಿ ಹುಡುಗಿಗೆ ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ. ಹೇಳಿದರೆ ಮನೆಯಲ್ಲಿ ನಂಬುತ್ತಾರೆ, ಆಟ ಬಿಡಿಸುವುದಿಲ್ಲ ಅನ್ನುವ ಧೈರ್ಯ ಬೇಕು ಅಷ್ಟೇ. ಆಟ ಬಿಡಿಸುತ್ತಾರೆ ಅನ್ನುವ ಹೆದರಿಕೆಗೇ ಮಕ್ಕಳು ಬಾಯಿ ಮುಚ್ಚಿಕೊಳ್ಳುವುದು. ಆಮೇಲೆ ಕೆಲವು ನಿಯಮ ಮಾಡಿಕೊಂಡೆವು. ಕೋಚ್ ಮೆಸೇಜ್ ಎಲ್ಲ ಪೋಷಕರೂ ಇರುವ ಗ್ರೂಪಿನಲ್ಲೇ ಬರಬೇಕು. ಹೊರ ಊರಿಗೆ ಹೋಗುವಾಗ ಮಹಿಳಾ ಮ್ಯಾನೇಜರ್ ಇರಬೇಕು, ಇಲ್ಲದಿದ್ದರೆ ನಮ್ಮಲ್ಲಿ ಒಬ್ಬರು ತಾಯಿ ಹೊರಡುತ್ತೇವೆ. ಮಕ್ಕಳ ಸಹಾಯವಾಣಿ 1098 ಅವಳಿಗೆ ಬಾಯಿಪಾಠ. ಒಳ್ಳೆಯ ಕೋಚ್ ಇದಕ್ಕೆಲ್ಲ ಸಿಟ್ಟಾಗುವುದಿಲ್ಲ. ಸಿಟ್ಟಾದರೆ ಅಲ್ಲೇ ಗೊತ್ತಾಯಿತು, ಅಲ್ವಾ?

ಜೊತೆಗೆ ಹೋಗುವುದು ಈಗ ಸಲೀಸು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗಿನಿಂದ ಸಾಮಾನ್ಯ ಬಸ್ಸಿನಲ್ಲಿ ನಮ್ಮಿಬ್ಬರಿಗೂ ಪುಕ್ಕಟೆ, ಟಿಕೆಟ್ ಅವಳಪ್ಪನಿಗೆ ಮಾತ್ರ. ಆಡುವಾಗ ನಾನು ಹಿಂದೆ ಎಲ್ಲೋ ಕೂರುತ್ತೇನೆ. "ಅವ್ವಾ, ನೀ ಒದರಬ್ಯಾಡ, ನಂಗ ಸರ್ ಮಾತು ಕೇಳಂಗಿಲ್ಲ" ಎಂದು ಅವಳೇ ಹೇಳಿದ್ದಾಳೆ. ಅವರ ವಯಸ್ಸಿನವರಿಗೆ ಎರಡೆರಡು ನಿಮಿಷದ ಎರಡು ಸುತ್ತು, ಅಷ್ಟರಲ್ಲಿ ಮೂರು ಕಡೆಯಿಂದ ಕೂಗಿದರೆ ಮಗು ಯಾರ ಮಾತು ಕೇಳಬೇಕು? ಪಕ್ಕದಲ್ಲಿ ಕೂತ ಅಪ್ಪಂದಿರು "ಹೊಡಿ, ಎತ್ತು, ಬಿಡಬ್ಯಾಡ" ಅನ್ನುವುದು ಕೇಳಿದರೆ ಅವರೇ ಮ್ಯಾಟಿಗೆ ಇಳಿಯಲಿ ಅನ್ನಿಸುತ್ತದೆ. ಸೋತ ದಿನ ಧಾರವಾಡದಿಂದ ವಾಪಸ್ ಬರುವಾಗ ನಾನಾಗಿ ಮಾತು ತೆಗೆಯುವುದಿಲ್ಲ. ಹುಬ್ಬಳ್ಳಿಯಲ್ಲಿ ಇಳಿದಾಗ ಗಿರ್ಮಿಟ್, ಮಿರ್ಚಿ ಕೊಡಿಸುತ್ತೇನೆ, ಅಣ್ಣಿಗೇರಿ ದಾಟುವಷ್ಟರಲ್ಲಿ ತಾನೇ ಶುರು ಮಾಡುತ್ತಾಳೆ, ಯಾವ ಪಟ್ಟಿಗೆ ಸಿಕ್ಕಿಬಿದ್ದೆ, ಕಾಲು ಎಲ್ಲಿ ಇಡಬೇಕಿತ್ತು ಅಂತ. ನನಗೆ ಅರ್ಧ ತಿಳಿಯುವುದಿಲ್ಲ, ಹೂಂ ಅನ್ನುತ್ತೇನೆ. ಗೆದ್ದ ದಿನವೂ ಅದೇ ಗಿರ್ಮಿಟ್.

ವಯಸ್ಸು ಕಡಿಮೆ ತೋರಿಸಿ ಸರ್ಟಿಫಿಕೇಟ್ ಮಾಡಿಸಿಕೊಡುತ್ತೇನೆ ಅಂದವರೂ ಬಂದಿದ್ದರು. ಬೇಡ ಅಂದೆವು. ಜನನ ಪ್ರಮಾಣಪತ್ರ, ಆಧಾರ್, ತಾಲೂಕು, ಜಿಲ್ಲೆ, ವಿಭಾಗ ಮಟ್ಟದ ಸರ್ಟಿಫಿಕೇಟ್ ಎಲ್ಲ ಒಂದೇ ಫೈಲಿನಲ್ಲಿವೆ, ಆ ಫೈಲ್ ಅವಳಪ್ಪನ ಜವಾಬ್ದಾರಿ.

ಈ ವರ್ಷ ಅವಳು 53 ಕಿಲೋ ವರ್ಗಕ್ಕೆ ಹೋಗಿದ್ದಾಳೆ. ಅಲ್ಲಿನ ಹುಡುಗಿಯರು ಗಟ್ಟಿ, ಗೆಲ್ಲುವುದಕ್ಕಿಂತ ಸೋಲುವುದೇ ಜಾಸ್ತಿ ಆಗಿದೆ, ಸ್ವಲ್ಪ ದಿನ ಹೀಗೇ ಇರುತ್ತದೆ ಎಂದು ಸರ್ ಮೊದಲೇ ಹೇಳಿದ್ದಾರೆ. ಹಳೆಯ ಕಾಸ್ಟ್ಯೂಮಿಗೆ ಹಾಕಿದ್ದ ಹೊಲಿಗೆ ಮೊನ್ನೆ ಬಿಚ್ಚಿದೆ, ಆದರೂ ಬಿಗಿ, ಹೊಸದು ತರಬೇಕು.