ಟೇಕ್ವಾಂಡೊ ಫಲಿತಾಂಶ ಪಟ್ಟಿ: ಓದುವುದು ಹೇಗೆ?

ಊರಿನ ಹುಡುಗಿಯೊಬ್ಬಳು ಅಂತಾರಾಷ್ಟ್ರೀಯ ಟೇಕ್ವಾಂಡೊದಲ್ಲಿ ಪದಕ ಗೆದ್ದರೆ ಮೊದಲು ವಾಟ್ಸ್ಆ್ಯಪ್‌ಗೆ ಫೋಟೊ ಬರುತ್ತದೆ, ಆಮೇಲೆ ಬದಿಯಡ್ಕ ಪೇಟೆಯಲ್ಲಿ ಫ್ಲೆಕ್ಸ್ ಏಳುತ್ತದೆ. ಆಕೆ ಎಷ್ಟು ಫೈಟ್ ಗೆದ್ದಳು, ಹೇಗೆ ಗೆದ್ದಳು ಎಂಬುದು ಎರಡರಲ್ಲೂ ಇರುವುದಿಲ್ಲ. ಅದಕ್ಕೆ ಫಲಿತಾಂಶ ಪಟ್ಟಿಯನ್ನೇ ಓದಬೇಕು.

ಮೊದಲು ಪಟ್ಟಿಯ ತಲೆಬರಹ ನೋಡಿ. ಒಲಿಂಪಿಕ್ಸ್ ನಡೆಯುವುದು ವರ್ಲ್ಡ್ ಟೇಕ್ವಾಂಡೊ ನಿಯಮದಂತೆ. 2017ರವರೆಗೆ ಇದೇ ಸಂಸ್ಥೆಯ ಹೆಸರು ಡಬ್ಲ್ಯುಟಿಎಫ್ (ವರ್ಲ್ಡ್ ಟೇಕ್ವಾಂಡೊ ಫೆಡರೇಷನ್). ಐಟಿಎಫ್ (ಇಂಟರ್‌ನ್ಯಾಷನಲ್ ಟೇಕ್ವಾಂಡೊ ಫೆಡರೇಷನ್) ಬೇರೆಯೇ ಸಂಸ್ಥೆ, ಅದರ ನಿಯಮವೂ ಬೇರೆ. ಎರಡಕ್ಕೂ ಸೇರದ ಖಾಸಗಿ ಟೂರ್ನಿಗಳೂ ಅಂತಾರಾಷ್ಟ್ರೀಯ ಎಂಬ ಹೆಸರಿನಲ್ಲೇ ನಡೆಯುತ್ತವೆ. ವರ್ಲ್ಡ್ ಟೇಕ್ವಾಂಡೊ ರ್‍ಯಾಂಕಿಂಗ್‌ಗೆ ಲೆಕ್ಕವಾಗುವ ಓಪನ್ ಟೂರ್ನಿಗಳಿಗೆ ಜಿ-1, ಜಿ-2 ಎಂಬ ದರ್ಜೆ ಇರುತ್ತದೆ. ಜಿ-1ರಲ್ಲಿ ಚಿನ್ನಕ್ಕೆ 10, ಬೆಳ್ಳಿಗೆ 6, ಕಂಚಿಗೆ 3.6 ಅಂಕ, ಜಿ-2ರಲ್ಲಿ ಅದರ ದುಪ್ಪಟ್ಟು. ಶಾಲಾ ಪರೀಕ್ಷೆಯಲ್ಲಿ ಕ್ರೀಡೆಗಾಗಿ ಸಿಗುವ ಗ್ರೇಸ್ ಮಾರ್ಕಿಗೆ ಅರ್ಜಿ ಹಾಕುವ ಮನೆಯವರು ಆ ವರ್ಷದ ಸರಕಾರಿ ಆದೇಶವನ್ನೂ ಟೂರ್ನಿಯ ಮಾನ್ಯತೆಯನ್ನೂ ತಾಳೆ ನೋಡಲೇಬೇಕು. ಸರ್ಟಿಫಿಕೇಟಿನಲ್ಲಿ ‘ಇಂಟರ್‌ನ್ಯಾಷನಲ್’ ಎಂದು ಅಚ್ಚಾಗಿದ್ದರೆ ಸಾಲದು.

ಆಮೇಲೆ ವಯಸ್ಸು, ತೂಕ. ಕೆಡೆಟ್ ಎಂದರೆ 12ರಿಂದ 14 ವರ್ಷ, ಜೂನಿಯರ್ 15ರಿಂದ 17. ಸೀನಿಯರ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಪುರುಷರಿಗೆ 8, ಮಹಿಳೆಯರಿಗೆ 8 ತೂಕದ ವಿಭಾಗಗಳು. ಒಲಿಂಪಿಕ್ಸ್‌ನಲ್ಲಿ ತಲಾ ನಾಲ್ಕೇ. ‘-49’ ಎಂದರೆ 49 ಕೆ.ಜಿ.ಯ ಒಳಗೆ, ‘+73’ ಎಂದರೆ ಅದಕ್ಕಿಂತ ಮೇಲೆ.

ಮೂರನೆಯದು ಡ್ರಾ, ಅಂದರೆ ಯಾರ ಎದುರು ಯಾರು ಎಂದು ತೋರಿಸುವ ಪಟ್ಟಿ. ಜನ ಎಡವುವುದು ಇಲ್ಲೇ. ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಂಚಿಗಾಗಿ ಬೇರೆ ಫೈಟ್ ಇಲ್ಲ. ಸೆಮಿಫೈನಲ್‌ನಲ್ಲಿ ಸೋತ ಇಬ್ಬರಿಗೂ ಕಂಚು. ಓಪನ್ ಟೂರ್ನಿಗಳಲ್ಲೂ ಸಾಮಾನ್ಯವಾಗಿ ಇದೇ ಕ್ರಮ. ಹಾಗಾಗಿ ವಿಭಾಗದಲ್ಲಿ ನಾಲ್ವರೇ ಇದ್ದರೆ ಮೊದಲ ಫೈಟೇ ಸೆಮಿಫೈನಲ್, ಅದರಲ್ಲಿ ಸೋತರೂ ಕಂಚು ಸಿಗುತ್ತದೆ. ಮೂವರಿದ್ದು ಒಬ್ಬರಿಗೆ ಬೈ (ಆಡದೆಯೇ ಮುಂದಿನ ಸುತ್ತಿಗೆ ಪ್ರವೇಶ) ಸಿಕ್ಕಿದರೆ ಅವರು ಒಂದೂ ಫೈಟ್ ಗೆಲ್ಲದೆ ಬೆಳ್ಳಿ ಪಡೆಯಬಹುದು. 32 ಮಂದಿಯ ಡ್ರಾದಲ್ಲಿ ಕಂಚು ಬರಬೇಕಾದರೆ ಮೂರು ಫೈಟ್ ಗೆಲ್ಲಬೇಕು. ಎರಡೂ ಕಂಚೇ, ಆದರೆ ಮಗುವಿನ ಮುಂದಿನ ತರಬೇತಿ ನಿರ್ಧರಿಸುವ ಮಾಸ್ಟರಿಗೆ ಈ ವ್ಯತ್ಯಾಸ ಗೊತ್ತಿರಲೇಬೇಕು.

ಇನ್ನು ಸ್ಕೋರು. ಎದೆಕವಚಕ್ಕೆ ಪಂಚ್ ಬಿದ್ದರೆ 1 ಅಂಕ, ಕಿಕ್‌ಗೆ 2, ತಲೆಗೆ ಕಿಕ್‌ಗೆ 3. ಮೈ ತಿರುಗಿಸಿ ಹೊಡೆದ ಕಿಕ್ ಎದೆಗಾದರೆ 4, ತಲೆಗಾದರೆ 5. ಕಿಕ್ ತಾಗಿದ್ದನ್ನು ಕವಚದ ಸೆನ್ಸರ್ ಹಿಡಿಯುತ್ತದೆ. ಪಂಚ್‌ಗೂ ತಿರುಗಿದ್ದಕ್ಕೆ ಸಿಗುವ ಹೆಚ್ಚುವರಿ ಅಂಕಕ್ಕೂ ಜಡ್ಜ್‌ಗಳು ಬಟನ್ ಒತ್ತಬೇಕು. ತಪ್ಪು ಮಾಡಿದವರಿಗೆ ಗಮ್‌ಜಮ್ ಎಂಬ ದಂಡ, ಎದುರಾಳಿಗೆ 1 ಅಂಕ.

ಹಳೆಯ ಪಟ್ಟಿ, ಹೊಸ ಪಟ್ಟಿ ಒಂದೇ ರೀತಿ ಓದಲಾಗದು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನ 49 ಕೆ.ಜಿ. ಫೈನಲ್‌ನಲ್ಲಿ ಥಾಯ್ಲೆಂಡ್‌ನ ಪಾನಿಪಾಕ್ ವೊಂಗ್‌ಪಟ್ಟನಕಿಟ್ 11-10ರಿಂದ ಗೆದ್ದರು. ಅದು ಮೂರು ರೌಂಡ್‌ಗಳ ಒಟ್ಟು ಅಂಕ. 2022ರಿಂದ ಮೂರರಲ್ಲಿ ಎರಡು ರೌಂಡ್ ಗೆದ್ದವರು ವಿಜೇತರು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನ 57 ಕೆ.ಜಿ. ಫೈನಲ್‌ನಲ್ಲಿ ಕೊರಿಯಾದ ಕಿಮ್ ಯು-ಜಿನ್ ಗೆದ್ದದ್ದು 2-0ರಿಂದ, ರೌಂಡ್‌ಗಳು 5-1, 9-0.

ಒಂದು ಕಲ್ಪಿತ ಸಾಲು ನೋಡಿ: ನೀಲಿ 2-1 ಕೆಂಪು (5-4, 2-11, 6-6). ನೀಲಿ, ಕೆಂಪು ಎಂದರೆ ಇಬ್ಬರ ಕವಚದ ಬಣ್ಣ. ಕೂಡಿದರೆ ನೀಲಿಗೆ 13, ಕೆಂಪಿಗೆ 21. ಆದರೂ ಗೆದ್ದದ್ದು ನೀಲಿ! ಕೊನೆಯ ರೌಂಡಿನಲ್ಲಿ ಕೆಂಪು ಬಣ್ಣದವರು ಎದೆಗೆ ಮೂರು ಕಿಕ್ ಹೊಡೆದು 6 ಮಾಡಿದರು. ನೀಲಿಯವರು ಒಂದು ತಿರುಗು ಕಿಕ್‌ಗೆ 4, ಸಾಧಾರಣ ಕಿಕ್‌ಗೆ 2 ಪಡೆದರು. ಸಮವಾದಾಗ ಮೊದಲು ಎಣಿಸುವುದು ತಿರುಗು ಕಿಕ್‌ನ ಅಂಕ, ಹಾಗಾಗಿ ರೌಂಡ್ ನೀಲಿಗೆ. ಒಟ್ಟು ಅಂಕ ಕೂಡಿಸಿ ‘ಮೋಸವಾಯಿತು’ ಎಂದು ಮನೆಯವರು ಸಿಟ್ಟಾಗುವುದು ಹೆಚ್ಚಾಗಿ ಇಂಥ ಕಡೆ.

ಸ್ಕೋರಿನ ಪಕ್ಕದ ಅಕ್ಷರಗಳನ್ನು ಬಿಡಬೇಡಿ. ಪಿಟಿಎಫ್ ಎಂದರೆ ಅಂಕದ ಗೆಲುವು, ಪಿಟಿಜಿ ದೊಡ್ಡ ಅಂತರದಿಂದ ಮೊದಲೇ ಮುಗಿದದ್ದು (ಪ್ಯಾರಿಸ್‌ನಲ್ಲಿ ರೌಂಡಿಗೆ 12 ಅಂಕ). ಡಬ್ಲ್ಯುಡಿಆರ್ ಎಂದರೆ ಎದುರಾಳಿ ಹಿಂದೆ ಸರಿದದ್ದು, ಆರ್‌ಎಸ್‌ಸಿ ರೆಫರಿ ನಿಲ್ಲಿಸಿದ್ದು, ಪಿಯುಎನ್ ಗಮ್‌ಜಮ್ ಮಿತಿ ದಾಟಿದ್ದು. ಡಿಎಸ್‌ಕ್ಯು ಕಂಡರೆ ಅನರ್ಹತೆ. ತೂಕ ಹೆಚ್ಚಾದವರ ಹೆಸರಿನ ಮುಂದೆಯೂ ಇದೇ ಬರುತ್ತದೆ.

ಎದುರಾಳಿ ಇಲ್ಲದೆ ನಿಗದಿತ ಚಲನೆಗಳನ್ನು ಮಾಡಿ ತೋರಿಸುವ ಪೂಮ್ಸೆಯ ಪಟ್ಟಿ ಸುಲಭ. ಒಟ್ಟು 10ರಲ್ಲಿ ನಿಖರತೆಗೆ 4, ಪ್ರದರ್ಶನಕ್ಕೆ 6. ಸಣ್ಣ ತಪ್ಪಿಗೆ 0.1, ದೊಡ್ಡದಕ್ಕೆ 0.3 ಕಡಿತ.

ಪತ್ರಿಕೆಗೆ ಸುದ್ದಿ ಕಳಿಸುವಾಗ ಪದಕದ ಜತೆ ಇವಿಷ್ಟೂ ಇರಲಿ: ಟೂರ್ನಿಯ ಪೂರ್ಣ ಹೆಸರು ಮತ್ತು ದರ್ಜೆ, ವಯೋವಿಭಾಗ, ತೂಕ, ಡ್ರಾದಲ್ಲಿದ್ದವರ ಸಂಖ್ಯೆ, ಗೆದ್ದ ಫೈಟ್‌ಗಳು. ಡ್ರಾ ಶೀಟನ್ನು ಅಂದೇ ಡೌನ್‌ಲೋಡ್ ಮಾಡಿ ಸರ್ಟಿಫಿಕೇಟಿನ ಜತೆ ಒಂದೇ ಫೈಲಿನಲ್ಲಿಡಿ.