ಅಲುಗಾಡದ ತಲೆ, ನಂಬಬಹುದಾದ ಅಳತೆ

ಹದಿಹರೆಯದವರ ಮಿದುಳಿನ ಎಂಆರ್‌ಐ ಚಿತ್ರ ತೆಗೆದು ಅಳೆಯುವುದು ನನ್ನ ಕೆಲಸ. ಹೆತ್ತವರಿಗೆ ನಾನು ಮೊದಲು ಹೇಳುವ ಮಾತು: ಈ ವಯಸ್ಸಿನಲ್ಲಿ ಮಿದುಳಿನ ಹೊರಪದರ ತೆಳುವಾಗುತ್ತದೆ, ಹಾಗಾಗಬೇಕಾದದ್ದೇ. ಗಾತ್ರದ ಬೆಳವಣಿಗೆ ಆರನೆಯ ವಯಸ್ಸಿನ ಹೊತ್ತಿಗೇ ಬಹುಪಾಲು ಮುಗಿದಿರುತ್ತದೆ.

ಆ ಪದರದ ದಪ್ಪ ಸರಾಸರಿ ಎರಡೂವರೆ ಮಿಲಿಮೀಟರ್. ವರ್ಷಕ್ಕೆ ಅದು ತೆಳುವಾಗುವುದು ಮಿಲಿಮೀಟರಿನ ನೂರರಲ್ಲಿ ಕೆಲವೇ ಪಾಲು. ನಮ್ಮ ಚಿತ್ರದ ಅತಿ ಸಣ್ಣ ಘನವೇ ಸುಮಾರು 1 ಮಿಲಿಮೀಟರ್! ಫ್ರೀಸರ್ಫರ್ ತಂತ್ರಾಂಶ ಬೂದು ದ್ರವ್ಯ (ಅಂದರೆ ಈ ಹೊರಪದರ) ಮತ್ತು ಅದರ ಒಳಗಿನ ಬಿಳಿ ದ್ರವ್ಯಗಳ ಗಡಿಗೊಂದು, ಹೊರ ಅಂಚಿಗೊಂದು ಮೇಲ್ಮೈ ಹೆಣೆದು, ಅಸಂಖ್ಯ ಬಿಂದುಗಳಲ್ಲಿ ಅವುಗಳ ಅಂತರ ಲೆಕ್ಕ ಹಾಕುವುದರಿಂದಲೇ ಇಷ್ಟು ಸೂಕ್ಷ್ಮ ಅಳತೆ ಸಾಧ್ಯ.

ತಲೆ ಕೊಂಚ ಅಲುಗಿದರೂ ಗಡಿ ಮಸುಕಾಗಿ ಪದರ ಇರುವುದಕ್ಕಿಂತ ತೆಳುವಾಗಿ ಕಾಣುತ್ತದೆ. ಹೆಚ್ಚು ಅಲುಗುವವರು ಚಿಕ್ಕ ಮಕ್ಕಳು. ಅವರ ಪದರ ತೆಳುವೆಂದು ದಾಖಲಾದರೆ, ಮುಂದೆ ಅದು ದಪ್ಪವಾಗಿ ಆಮೇಲೆ ಇಳಿದಂತೆ ತೋರುತ್ತದೆ. ಅಮೆರಿಕದ ಜೇ ಗೀಡ್ ತಂಡ 1999ರಲ್ಲಿ, ಮುಂಭಾಗದ ಬೂದು ದ್ರವ್ಯ ಹುಡುಗಿಯರಲ್ಲಿ ಸುಮಾರು 11ಕ್ಕೆ, ಹುಡುಗರಲ್ಲಿ 12ಕ್ಕೆ ಶಿಖರ ಮುಟ್ಟುತ್ತದೆ ಎಂದಿತ್ತು. ಅದೇ ಮಕ್ಕಳನ್ನು ಮತ್ತೆ ಮತ್ತೆ ಚಿತ್ರಿಸಿದ ಆ ಕೆಲಸದ ಮೇಲೆ ನನಗೆ ಅಪಾರ ಗೌರವ. ಆದರೆ 2016ರ ಒಂದು ಅಧ್ಯಯನ ಮಸುಕು ಚಿತ್ರಗಳನ್ನು ಕಟ್ಟುನಿಟ್ಟಾಗಿ ಕೈಬಿಟ್ಟು ನೋಡಿದಾಗ, ದಪ್ಪದ ಮಟ್ಟಿಗೆ ಹೆಚ್ಚಿನ ಭಾಗಗಳಲ್ಲಿ ಶಿಖರ ಮಾಯವಾಗಿ ನೇರ ಇಳಿಕೆಯಷ್ಟೇ ಉಳಿಯಿತು.

ಹಾಗಾಗಿ ನನ್ನ ಶ್ರಮದ ಬಹುಪಾಲು ಲೆಕ್ಕಕ್ಕಿಂತ ಮೊದಲೇ ನಡೆಯುತ್ತದೆ. ಮಗುವನ್ನು ಮೊದಲು ಅಣಕು ಯಂತ್ರದಲ್ಲಿ ಮಲಗಿಸಿ, ಆ ಬಡಿತದ ಸದ್ದು ಕೇಳಿಸುತ್ತೇನೆ. ಕಿವಿಗಳ ಪಕ್ಕ ಮೆತ್ತೆ ತುಂಬುತ್ತೇನೆ. ನೋಡಲು ಅವರಿಗಿಷ್ಟವಾದ ವಿಡಿಯೊ ಹಾಕುತ್ತೇನೆ. ನಡುನಡುವೆ ಮೈಕಿನಲ್ಲಿ, “ಈಗ ಕೈಕಾಲು ಆಡಿಸಬಹುದು ಪುಟ್ಟಾ, ತಲೆ ಮಾತ್ರ ಹಾಗೇ ಇರಲಿ” ಎನ್ನುತ್ತೇನೆ. ಚಿತ್ರ ಬಂದ ಕೂಡಲೇ ಹಣೆಯ ಭಾಗದಲ್ಲಿ ಅಲೆಗಳಂಥ ಗೆರೆಗಳಿವೆಯೇ ಎಂದು ಹುಡುಕುತ್ತೇನೆ. ಕಂಡರೆ, ಮಗು ಏಳುವ ಮೊದಲೇ ಮತ್ತೊಮ್ಮೆ ತೆಗೆಯುತ್ತೇನೆ.

ಪದರ ತೆಳುವಾಗಲು ಬಳಕೆಯಿಲ್ಲದ ನರಸಂಪರ್ಕಗಳು ಕಳಚುವುದು ಒಂದು ಕಾರಣವಾದರೆ, ನರತಂತುಗಳಿಗೆ ಮಯಲಿನ್ ಎಂಬ ಬಿಳಿಯ ಕೊಬ್ಬಿನ ಹೊದಿಕೆ ಬಂದು ಬಿಳಿಯ ಗಡಿ ಹೊರಕ್ಕೆ ಸರಿಯುವುದು ಇನ್ನೊಂದು. ಸಾಮಾನ್ಯ ಚಿತ್ರ ಇವೆರಡನ್ನು ಬೇರ್ಪಡಿಸಲಾರದು. ಅದಕ್ಕೇ ನೀರಿನ ಅಣುಗಳ ಚಲನೆಯಿಂದ ಬಿಳಿ ದ್ರವ್ಯದ ರಚನೆಯನ್ನು ತೋರಿಸುವ ಡಿಫ್ಯೂಷನ್ ಚಿತ್ರವನ್ನೂ ಅದೇ ದಿನ ತೆಗೆಯುತ್ತೇನೆ, ಆದರೆ ದಪ್ಪ ಅಳೆಯುವ ಚಿತ್ರದ ನಂತರವೇ. ಮಗುವಿನ ತಾಳ್ಮೆ ಗಟ್ಟಿಯಾಗಿರುವುದು ಮೊದಲ ಕೆಲವು ನಿಮಿಷಗಳಲ್ಲಿ.