ಎಡಗೈಗೂ ಕೆಲಸ ಕೊಟ್ಟ ಮೇಲೆ

ಬಳ್ಳಾರಿಯ ಜೀನ್ಸ್ ಘಟಕಗಳಿಗೆ ಹಿಂಜೇಬಿನ ಕಸೂತಿ ವಿನ್ಯಾಸಗಳನ್ನು ಕೋರೆಲ್‌ಡ್ರಾ ಎಂಬ ಚಿತ್ರ ಬಿಡಿಸುವ ತಂತ್ರಾಂಶದಲ್ಲಿ ಬಿಡಿಸಿ, ಪಂಚಿಂಗ್‌ಗೆ (ಕಸೂತಿ ಯಂತ್ರ ಓದುವ ಹೊಲಿಗೆಗಳಾಗಿ ಬದಲಿಸಲು) ಕಳುಹಿಸುವುದು ನನ್ನ ಕಸುಬು. ಬಲಗೈಯಲ್ಲಿ ಡಿಜಿಟಲ್ ಪೆನ್ನು, ಎಡಗೈಯಲ್ಲಿ ಕೀಗಳ ಪುಟ್ಟ ಪೆಟ್ಟಿಗೆಯ ನಾಬ್ (ತಿರುಗಿಸುವ ಗುಬುಟು) ಹಿಡಿದು ಬಿಡಿಸುತ್ತೇನೆಂದಾಗ, ಗಮನ ಎರಡಾಗಿ ಗೆರೆ ಕೆಡುತ್ತದೆ ಎಂದವರೇ ಹೆಚ್ಚು. ಅವರಲ್ಲಿ ಇಬ್ಬರು ಈಗ ನನ್ನಿಂದಲೇ ಅಂಥ ಪೆಟ್ಟಿಗೆ ಮಾಡಿಸಿಕೊಂಡಿದ್ದಾರೆ.

ಮೊದಲು ಸುಮಾರು 400 ರೂಪಾಯಿಯ ಯುಎಸ್‌ಬಿ ನಂಬರ್ ಪ್ಯಾಡ್ ತಂದು ಆಟೋಹಾಟ್‌ಕೀ ಎಂಬ, ಕೀಗಳಿಗೆ ಬೇರೆ ಕೆಲಸ ಹಚ್ಚುವ ತಂತ್ರಾಂಶದಲ್ಲಿ ಶಾರ್ಟ್‌ಕಟ್‌ಗಳನ್ನು ಕೂಡಿಸಿದೆ. ಕೀ ಯಾವ ಕೀಬೋರ್ಡಿನಿಂದ ಬಂತೆಂಬುದನ್ನು ಅದು ತಾನಾಗಿ ಗುರುತಿಸುವುದಿಲ್ಲವಾದ್ದರಿಂದ, ಮುಖ್ಯ ಕೀಬೋರ್ಡಿನ ನಂಬರ್ ಕೀಗಳಲ್ಲಿ ಅಳತೆ ಹೊಡೆದರೂ ಟೂಲ್ ಬದಲಾಗುತ್ತಿತ್ತು. ಆಮೇಲೆ ಸಾವಿರದ ಇನ್ನೂರರ ಆಸುಪಾಸಿನ ಗೇಮ್‌ಪ್ಯಾಡ್ ಕೊಂಡೆ. ಅದರ ಸ್ಟಿಕ್ ವಾಲಿಸಿದರೆ ಜೂಮ್ ಓಡುತ್ತದೆಯೇ ಹೊರತು ಬೇಕಾದಲ್ಲಿ ನಿಲ್ಲುವುದಿಲ್ಲ. ಹೊಲಿಗೆ ಯಂತ್ರದ ಹಳೆಯ ಪೆಡಲಿಗೆ ಸ್ವಿಚ್ ಜೋಡಿಸಿ ಅನ್‌ಡೂ ಕೊಟ್ಟು ನೋಡಿದ್ದೂ ಉಂಟು. ಕಾಲು ಒತ್ತಿದಾಗಲೆಲ್ಲ ಮೈ ಅಲುಗಿ ಪೆನ್ನು ನಡುಗುತ್ತಿದ್ದುದರಿಂದ ಅದನ್ನು ಕೈಬಿಟ್ಟೆ.

ಕೊನೆಗೆ ಕೈಗೆ ಒಗ್ಗಿದ್ದು ಪ್ರೋ ಮೈಕ್ರೊ ಎಂಬ, ಪ್ರೋಗ್ರಾಂ ಬರೆದು ಹಾಕಬಲ್ಲ ಒಂದು ಪುಟ್ಟ ಬೋರ್ಡ್, ಆರು ಕೀಗಳು ಮತ್ತು ಒಂದು ರೋಟರಿ ಎನ್‌ಕೋಡರ್ (ತಿರುಗಿಸಿದ್ದನ್ನು ಸಂಕೇತವಾಗಿಸುವ ನಾಬ್). ಎಲ್ಲ ಸೇರಿ ಸಾವಿರ ರೂಪಾಯಿ ದಾಟಲಿಲ್ಲ. ಆ ಬೋರ್ಡಿನ ಚಿಪ್ ಕೀಬೋರ್ಡ್ ಆಗಿಯೂ ಮೌಸ್ ಆಗಿಯೂ ಕಂಪ್ಯೂಟರಿಗೆ ಕಾಣಿಸಿಕೊಳ್ಳಬಲ್ಲದಾದ್ದರಿಂದ, ನಾಬ್ ತಿರುಗಿಸಿದಾಗ ಮೌಸ್ ಚಕ್ರದ ಸಂಕೇತ ಹೋಗಿ, ಪೆನ್ನಿನ ಮೊನೆ ಇರುವ ಕಡೆಗೇ ಜೂಮ್ ಆಗುತ್ತದೆ. ಕೀಗಳಿಗೆ ಎಫ್13ರಿಂದ ಮುಂದಿನ ಸಂಕೇತಗಳನ್ನು ಕೊಟ್ಟೆ. ಸಾಮಾನ್ಯ ಕೀಬೋರ್ಡುಗಳಲ್ಲಿ ಅವು ಇಲ್ಲದಿರುವುದರಿಂದ ಘರ್ಷಣೆ ತಪ್ಪಿತು. ಕಂಟ್ರೋಲ್ ಮತ್ತು ಶಿಫ್ಟ್ ಮಾತ್ರ ನೇರವಾಗಿಯೇ ಇರಬೇಕು, ಬೆರಳು ಒತ್ತಿರುವಷ್ಟು ಹೊತ್ತೂ ಒತ್ತಿದಂತೆಯೇ ಉಳಿಯಬೇಕು. ಮೊದಮೊದಲು ನಾಬ್ ಒಂದು ಕ್ಲಿಕ್ ತಿರುಗಿದರೆ ಜೂಮ್ ಮೂರು ಹೆಜ್ಜೆ ಹಾರುತ್ತಿತ್ತು. ಎನ್‌ಕೋಡರಿನ ಎರಡೂ ಸಿಗ್ನಲ್ ಪಿನ್ನುಗಳಿಂದ ಗ್ರೌಂಡಿಗೆ 0.1 ಮೈಕ್ರೊಫ್ಯಾರಡ್ ಕೆಪಾಸಿಟರ್ ಬೆಸೆದ ಮೇಲೆ ಆ ಕಾಟ ನಿಂತಿತು.

ಬಲಗೈಯವರಲ್ಲಿ ಎಡಗೈ ಮೊದಲು ನೆಲೆ ಒದಗಿಸಿ ಬಲಗೈ ಅದರೊಳಗೆ ನಾಜೂಕಿನ ಕೆಲಸ ಮಾಡುತ್ತದೆಂದು ಫ್ರೆಂಚ್ ಸಂಶೋಧಕ ಇವ್ ಗಿಯಾರ್ 1987ರಲ್ಲೇ ಬರೆದಿದ್ದಾರೆ. ನಮ್ಮ ಟೈಲರುಗಳು ಎಡಗೈಯಲ್ಲಿ ಡೆನಿಮ್ ತಿರುಗಿಸುತ್ತ ಬಲಗೈಯಲ್ಲಿ ಸೀಮೆಸುಣ್ಣದ ಗೆರೆ ಎಳೆಯುವುದೂ ಹೀಗೆಯೇ. ಆದ್ದರಿಂದ ಎಡಗೈಗೆ ಜೂಮ್, ಸರಿಸುವಿಕೆ, ಟೂಲ್ ಬದಲಾವಣೆಗಳನ್ನಷ್ಟೇ ಬಿಟ್ಟಿದ್ದೇನೆ. ಬಣ್ಣದ ಆಯ್ಕೆಯನ್ನೂ ಅದಕ್ಕೇ ಕೊಟ್ಟಾಗ ಕಣ್ಣು ಪದೇ ಪದೇ ಗೆರೆ ಬಿಟ್ಟು ಹೋಗುತ್ತಿತ್ತು.

ಎರಡು ತಾಸು ಹಿಡಿಯುತ್ತಿದ್ದ ಜೇಬಿನ ವಿನ್ಯಾಸ ಈಗ ಒಂದೂಕಾಲು ತಾಸಿನೊಳಗೆ ಮುಗಿಯುತ್ತದೆ. ಹಾಕಿದ ಹಣ ಮೊದಲ ತಿಂಗಳಲ್ಲೇ ಮರಳಿತು. ಹೆಬ್ಬೆರಳಿನ ಕೀಗೆ ಏನು ಕೊಟ್ಟಿದ್ದೇನೆಂಬುದನ್ನು ಮಾತ್ರ, ಪೆಟ್ಟಿಗೆ ಮಾಡಿಸಿಕೊಂಡವರಿಗೆ ಎದುರು ಕೂರಿಸಿಯೇ ಹೇಳಿಕೊಡುತ್ತೇನೆ.